ಒಂದು ಕಿವಿಗೆ ಸಾಕಾಗುವಷ್ಟು ಹಾಡು

ನನಗೊಂದು ಅಭ್ಯಾಸವಿದೆ, ಅದನ್ನು ಕಂಡರೆ ಮನೆಯವರಿಗೆಲ್ಲ ಸಿಟ್ಟು. ಇಯರ್‌ಫೋನಿನ ಎರಡು ಬಿರಡೆಗಳಲ್ಲಿ ಒಂದನ್ನು ಎಡಗಿವಿಗೆ ಸಿಕ್ಕಿಸಿಕೊಂಡು, ಇನ್ನೊಂದನ್ನು ಹಾಗೇ ಎದೆಯ ಮೇಲೆ ಇಳಿಬಿಟ್ಟುಕೊಂಡು ಓಡಾಡುತ್ತೇನೆ. ಬೆಳಗಿನ ವಾಕಿಂಗಿನಲ್ಲಿ ಸಿಕ್ಕವರು "ಒಂದು ಕೆಟ್ಟೋಗೈತೇನ್ರಿ ಟೀಚರ್" ಎಂದು ಕೇಳುತ್ತಾರೆ. ಕೆಟ್ಟಿಲ್ಲ, ಎರಡೂ ಚೆನ್ನಾಗಿಯೇ ಹಾಡುತ್ತವೆ. ಆದರೆ ಎರಡೂ ಕಿವಿ ಮುಚ್ಚಿಕೊಂಡರೆ ನನಗೆ ಯಾರೋ ಕಾಳು ತುಂಬುವ ಹಗೇವಿನೊಳಗೆ ಇಳಿಸಿ ಮೇಲೆ ಕಲ್ಲು ಮುಚ್ಚಿದ ಹಾಗಾಗುತ್ತದೆ. ನಾನು ಇಯರ್‌ಫೋನು ಕಲಿತ ಕಾಲದಲ್ಲಿ ಅದಕ್ಕೆ ಇದ್ದದ್ದೇ ಒಂದು ಬಿರಡೆ. ಒಂದು ಕಿವಿ ಹಾಡಿಗೆ, ಒಂದು ಕಿವಿ ಮನೆಗೆ. ಒಳಗಿನಿಂದ ಯಾರಾದರೂ ಕರೆದರೆ ಓಗೊಡಬೇಕಲ್ಲ, ಹೆಣ್ಣುಮಕ್ಕಳ ಕಿವಿ ಅಂದಮೇಲೆ ಅಷ್ಟೂ ಬೇಡವೇ.

ಈಗಿನ ಅಂಗಡಿಗಳಲ್ಲಿ ಇದನ್ನು ಕೊಳ್ಳಲು ಹೋದರೆ ಅದಕ್ಕೆ ಅಷ್ಟು ಗುಣ, ಇದಕ್ಕೆ ಇಷ್ಟು ಗುಣ ಎಂದು ಪಾಠ ಹೇಳುತ್ತಾರೆ. ನಾನು ಸುಮ್ಮನೆ ಕೇಳಿಸಿಕೊಂಡು ಒಳಗೊಳಗೇ ನಗುತ್ತೇನೆ. ಪಾಪ, ಅವರಿಗೇನು ಗೊತ್ತು, ಅವರೆದುರು ನಿಂತಿರುವ ಈ ನರೆಗೂದಲಿನ ಹೆಂಗಸು ಹತ್ತೊಂಬತ್ತನೇ ವಯಸ್ಸಿಗೇ ಇಯರ್‌ಫೋನುಗಳ ಪರೀಕ್ಷಾಧಿಕಾರಿ ಆಗಿದ್ದವಳು ಎಂದು. ಸಂಬಳವಿಲ್ಲದ ಹುದ್ದೆ. ಆದರೆ ಅಷ್ಟು ಭಯಭಕ್ತಿಯಿಂದ ನಾನು ಆಮೇಲೆ ಮೂವತ್ತು ವರ್ಷ ಸಂಬಳ ಎಣಿಸಿದ ಕೆಲಸವನ್ನೂ ಮಾಡಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಟೀಚರ್ ಟ್ರೈನಿಂಗ್ ಮಾಡುತ್ತಿದ್ದೆ. ನಮ್ಮೂರು ಹೊಸದುರ್ಗ. ಅಕ್ಕ ಸರೋಜಳನ್ನು ಹೊಳಲ್ಕೆರೆಗೆ ಕೊಟ್ಟಿತ್ತು. ಈ ಅಕ್ಕ ಹಾಡುವವಳು. ಹಾಗೆಂದರೆ ಸಂಗೀತ ಕಲಿತವಳಲ್ಲ. ಕಿವಿಗೆ ಬಿದ್ದ ಪದ ಬಾಯಿಗೆ ಬರುತ್ತಿತ್ತು, ಬಂದದ್ದು ಅಲ್ಲೇ ಉಳಿಯುತ್ತಿತ್ತು. ಚಿಕ್ಕಂದಿನಲ್ಲಿ ಅವಳಿಗೊಂದು ಹುಚ್ಚಿತ್ತು. ನಮ್ಮ ಮನೆಯ ಮೂಲೆಯಲ್ಲಿ ರಾಗಿ ತುಂಬುವ ಆಳೆತ್ತರದ ಮಣ್ಣಿನ ವಾಡೆ ಇತ್ತಲ್ಲ, ಅದು ಖಾಲಿಯಾದ ದಿನ ಒರಳನ್ನು ಹತ್ತಿ ನಿಂತು ವಾಡೆಯೊಳಗೆ ಕುತ್ತಿಗೆಯವರೆಗೂ ತಲೆ ಇಳಿಬಿಟ್ಟು ಹಾಡುತ್ತಿದ್ದಳು. ಅವಳ ದನಿ ಸುತ್ತು ಹೊಡೆದು ಅವಳಿಗೇ ವಾಪಸು ಬರುತ್ತಿತ್ತಂತೆ. ಹೊರಗಿದ್ದ ನನಗೆ ಎರಡು ಜಡೆ ಮತ್ತು ಲಂಗದ ಅಂಚು ಮಾತ್ರ ಕಾಣುತ್ತಿತ್ತು. "ನಂಗೂ ಕೇಳ್ಸೇ" ಎಂದು ಲಂಗ ಜಗ್ಗಿದರೆ, "ಇದು ಒಬ್ರಿಗೇ ಕೇಳ್ಸೋದು ಕಣೇ" ಎಂದು ವಾಡೆಯೊಳಗಿಂದಲೇ ಉತ್ತರ ಬರುತ್ತಿತ್ತು. ಅಮ್ಮ ಬಂದು ಬೆನ್ನಿಗೆ ಒಂದು ಗುದ್ದಿ ಕೆಳಗಿಳಿಸುವಳು.

ನಮ್ಮಿಬ್ಬರಿಗೂ ಕಿವಿಯದೇ ಆಟ. ಊರಾಚೆ ರಸ್ತೆಯ ಬದಿಯ ತಂತಿ ಕಂಬಗಳಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆವು. ಜುಂಯ್ ಎಂದು ಒಂದೇ ಸಮನೆ ಸದ್ದು. ಅದು ಯಾರೋ ದೊಡ್ಡವರ ಮಾತು ಬೆಂಗಳೂರಿಗೆ ಹೋಗುತ್ತಿರುವ ಸದ್ದೆಂದು ಅಕ್ಕ ಹೇಳಿದ್ದಳು, ನಾನು ನಂಬಿದ್ದೆ. ಬಿಸಿಲಿಗೆ ಕಾದ ಕಂಬ ಕಿವಿ ಸುಡುತ್ತಿದ್ದರೂ ಬಿಡುತ್ತಿರಲಿಲ್ಲ. ಸಂಜೆ ಕಿವಿ ನೋವೆಂದು ಅತ್ತರೆ ಅಮ್ಮ ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಎರಡು ಹನಿ ಬಿಟ್ಟು ಅರಳೆ ತುರುಕುತ್ತಿದ್ದಳು. ಆಗ ಇಡೀ ಮನೆ ದೂರ ಹೋಗಿಬಿಡುತ್ತಿತ್ತು. ಪಾತ್ರೆಯ ಸದ್ದು, ಅಪ್ಪನ ಕೆಮ್ಮು, ಎಲ್ಲವೂ ಎಣ್ಣೆಯಲ್ಲಿ ತೇಲಿಕೊಂಡು ಬರುತ್ತಿದ್ದವು. ಆ ಬೆಚ್ಚಗಿನ ಮಂಪರು ನನಗೆ ಎಷ್ಟು ಇಷ್ಟವಾಗಿತ್ತೆಂದರೆ, ನೋವಿಲ್ಲದಿದ್ದರೂ ಎಷ್ಟೋ ಸಲ ನೋವೆಂದು ಸುಳ್ಳು ಹೇಳಿದ್ದೇನೆ. ನೋಡಿ, ಎಲ್ಲಿಂದ ಎಲ್ಲಿಗೋ ಹೋದೆ.

ಅಕ್ಕನ ಪುಣ್ಯ, ಅವಳಿಗೆ ಸಿಕ್ಕ ಮಾವ ಹಾಡಿನ ಹುಚ್ಚಿನವರು. ಸೊಸೆ ಅಡುಗೆಮನೆಯಲ್ಲಿ ಹಾಡಿಕೊಳ್ಳುವುದನ್ನು ಕೇಳಿ ಕೇಳಿ, ಒಂದು ದಿನ ತಾವೇ ರೇಡಿಯೋ ಕೇಂದ್ರಕ್ಕೆ ಅರ್ಜಿ ಬರೆದು ಹಾಕಿದರು. ಕರೆ ಬಂದಾಗ ತಾವೇ ಬಸ್ಸು ಹತ್ತಿಸಿಕೊಂಡು ಕರೆದೊಯ್ದರು. ಅಲ್ಲಿ ಅಕ್ಕನನ್ನು ಒಳಗೆ ಕಳಿಸಿ, ದಪ್ಪ ಬಾಗಿಲು ಹಾಕಿ, ಕೆಂಪು ದೀಪ ಹೊತ್ತಿಸಿಬಿಟ್ಟರಂತೆ. ಹೊರಗೆ ಬೆಂಚಿನ ಮೇಲೆ ಕೊಡೆ ಹಿಡಿದು ಕೂತ ಮಾವನಿಗೆ ಒಂದು ಚೂರೂ ಕೇಳಿಸಲಿಲ್ಲ. ಒಳಗೆ ಹಾಡಿದ ಅಕ್ಕನಿಗೂ ಹೊತ್ತಾಯಿತೆಂದು, ಹಾಡಿದ್ದನ್ನು ತಿರುಗಿ ಕೇಳಿಸದೆ ಕಳಿಸಿಬಿಟ್ಟರು. "ಹೋಗ್ಲಿ ಬಿಡಮ್ಮ, ರೇಡಿಯೋದಾಗೆ ಬಂದಾಗ ಇಬ್ರೂ ಕುಂತ್ಕಂಡು ಕೇಳಾಣ" ಎಂದು ಮಾವ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಕೊಡಿಸಿ ಸಮಾಧಾನ ಮಾಡಿದರಂತೆ.

ಹಾಗೆ ಕೇಳುವುದು ಅವರ ಹಣೆಯಲ್ಲಿ ಬರೆದಿರಲಿಲ್ಲ. ಮುಂದಿನ ತಿಂಗಳೇ ಎದೆನೋವೆಂದು ಮಲಗಿದವರು ಏಳಲಿಲ್ಲ. ಅವರು ಹೋಗಿ ಎರಡು ತಿಂಗಳಿಗೆ ರೇಡಿಯೋ ಕೇಂದ್ರದ ಕಾರ್ಡು ಬಂತು. ಇಂಥ ದಿನ, ಮಧ್ಯಾಹ್ನ ಒಂದೂಕಾಲಿಗೆ, ಹದಿನೈದು ನಿಮಿಷ, ಮೂರು ಜಾನಪದ ಗೀತೆಗಳು. ದಿನಕ್ಕೆ ಇನ್ನೂ ಒಂಬತ್ತು ವಾರವಿತ್ತು.

ಸಾವಾದ ಮನೆಯಲ್ಲಿ ವರ್ಷ ತುಂಬಿ ಎಡೆ ಇಡುವವರೆಗೂ ರೇಡಿಯೋ ಹಚ್ಚುವ ಹಾಗಿಲ್ಲ, ನಮ್ಮ ಕಡೆ ಅದು ಕಟ್ಟುನಿಟ್ಟು. ಅಕ್ಕನ ಮನೆಯ ಟ್ರಾನ್ಸಿಸ್ಟರಿನ ಮೇಲೆ ಮಾವನ ಟವಲನ್ನೇ ಹೊದಿಸಿ ಗೂಡಿನಲ್ಲಿಟ್ಟಿದ್ದರು. ಅಕ್ಕಪಕ್ಕದವರು ಕೂಡ ಮರ್ಯಾದೆಗಾಗಿ ತಮ್ಮ ರೇಡಿಯೋ ತಗ್ಗಿಸಿಕೊಂಡು ಕೇಳುತ್ತಿದ್ದರು. ಅಂಥದ್ದರಲ್ಲಿ ಸೂತಕದ ಮನೆಯ ಸೊಸೆ ನೆರೆಮನೆಗೆ ಹೋಗಿ ಹಾಡು ಕೇಳಿಕೊಂಡು ಬಂದಳೆಂದರೆ ಬೀದಿ ಸುಮ್ಮನಿರುತ್ತದೆಯೇ. ತವರಿಗೆ ಬರೋಣವೆಂದರೆ ನಮ್ಮಲ್ಲಿ ರೇಡಿಯೋನೇ ಇರಲಿಲ್ಲ. ಮೇಲಾಗಿ ಅತ್ತೆ ಗೌರಮ್ಮನನ್ನು ಒಬ್ಬರನ್ನೇ ಬಿಟ್ಟು ಬರುವುದು ಹೇಗೆ. ಆ ಅತ್ತೆಯೋ ಆ ಎರಡು ತಿಂಗಳಲ್ಲಿ ಅಳಲೂ ಇಲ್ಲ, ಮಾತೂ ಆಡಲಿಲ್ಲ. ಬೆಳಿಗ್ಗೆ ಎದ್ದು ನಡುಮನೆಯ ಗೋಡೆಗೆ ಒರಗಿ ಕೂತರೆ ಮುಗಿಯಿತು. "ಉಂಡ್ರಾ ಅತ್ತೆ" ಎಂದರೆ "ಹೂಂ", "ಮಲಗ್ರಿ ಅತ್ತೆ" ಎಂದರೆ "ಹೂಂ". ಅಕ್ಕನಿಗೆ ಅದೇ ಹೆದರಿಕೆಯಾಗಿತ್ತು.

ಒಂದು ಭಾನುವಾರ ನಾನು ಹೋದಾಗ ಅಕ್ಕ ಹಿತ್ತಲಿಗೆ ಕರೆದುಕೊಂಡು ಹೋಗಿ ಕಾರ್ಡು ತೋರಿಸಿದಳು.

"ಸುಸೀ, ಒಂದೇ ಒಂದ್ಸಲ ಕಣೇ. ಆಮೇಲೆ ಅವರು ಅದನ್ನ ಹಾಕ್ತಾರೋ ಇಲ್ವೋ. ನನ್ನ ದನಿ ಹೆಂಗೈತೆ ಅಂತ ನಂಗೇ ಗೊತ್ತಿಲ್ಲ. ಕೇಳ್ದೆ ಸತ್ತೋದ್ರೆ ಹೆಂಗೆ?"

"ಯಾಕೆ ಸಾಯೋ ಮಾತು. ಭಾವನಿಗೆ ಹೇಳು."

"ಅವ್ರು ಅವ್ವನ ಮುಖ ನೋಡ್ತಾರೆ. ನಾನು ಅವ್ರ ಮುಖ ನೋಡ್ತೀನಿ."

ಅಕ್ಕನ ಕಣ್ಣಲ್ಲಿ ನೀರು ನೋಡಿ ನನಗೆ ತಡೆಯಲಾಗಲಿಲ್ಲ. ಆಗಲೇ ನನ್ನ ಬುದ್ಧಿ ಓಡಿದ್ದು. ಹಾಸ್ಟೆಲಿನಲ್ಲಿ ಒಬ್ಬಳ ಹತ್ತಿರ ಕಿವಿಗೆ ಹಾಕಿಕೊಳ್ಳುವ ಬಿರಡೆ ಇತ್ತು. ಪಿನ್ನು ಚುಚ್ಚಿದರೆ ರೇಡಿಯೋ ಮೂಕವಾಗಿ ಹಾಡೆಲ್ಲ ತಂತಿಯೊಳಗೆ ಇಳಿದುಬಿಡುತ್ತಿತ್ತು. ಮನೆಯಲ್ಲಿ ಸದ್ದೇ ಇಲ್ಲದ ಮೇಲೆ ಸೂತಕ ಮುರಿಯುವುದೆಲ್ಲಿಂದ ಬಂತು. ಅಂಥದ್ದೊಂದನ್ನು ತಂದರಾಯಿತು ಎಂದೆ. ಅಕ್ಕ ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿ ಕೊಟ್ಟಳು. "ಇಷ್ಟರಾಗೆ ಬರೋದ್ರಾಗೆ ಒಳ್ಳೇದು ನೋಡಿ ತಗಂಬಾ. ಅವತ್ತು ಕೈ ಕೊಡಬಾರ್ದು, ಅಷ್ಟೇ."

ಪರೀಕ್ಷೆ ಮಾಡಲು ರೇಡಿಯೋ ಬೇಕಲ್ಲ. ಒಳಗೆ ಹೋಗಿ, ಹೀಗೇ ಇಟ್ಟರೆ ಕೆಟ್ಟುಹೋಗುತ್ತದೆ, ದುರ್ಗದಲ್ಲಿ ತೋರಿಸಿಕೊಂಡು ಬರುತ್ತೇನೆ ಎಂದು ಗೌರತ್ತೆಗೆ ಹೇಳಿದೆ. ಅವರು ಗೂಡಿನ ಕಡೆ ನೋಡಿ, "ತಗಂಡೋಗಮ್ಮ" ಎಂದರು. ಆ ತಿಂಗಳಲ್ಲಿ ನಾನು ಕೇಳಿದ ಅವರ ಅತಿ ಉದ್ದದ ಮಾತು ಅದು.

ಚಿತ್ರದುರ್ಗದ ಪೇಟೆಯ ಗಲ್ಲಿಯೊಂದರಲ್ಲಿ ಖಾದರ್ ಸಾಬರ ರೇಡಿಯೋ ರಿಪೇರಿ ಅಂಗಡಿ. ಅಂಗಡಿ ಎಂದರೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ. ಸಾಬರ ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಹೊಗೆಯಾಡುವ ಬೆಸುಗೆಯ ಕಾವಿನ ಕಡ್ಡಿ, ಸುತ್ತ ಹೊಟ್ಟೆ ಬಿಚ್ಚಿಕೊಂಡು ಮಲಗಿದ ರೇಡಿಯೋಗಳು. ನಮ್ಮ ಪೆಟ್ಟಿಗೆಯನ್ನು ನೋಡಿದ್ದೇ ಗುರುತು ಹಿಡಿದರು.

"ಇದು ಹೊಳಲ್ಕೆರೆ ಯಜಮಾನ್ರದ್ದಲ್ವೇನಮ್ಮ? ಎರಡು ಸಲ ನನ್ನ ಕೈಯಾಗೆ ಹಾದೋಗೈತೆ."

ವಿಷಯ ಹೇಳಿದೆ. ಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಡ್ರಾಯರು ಎಳೆದು ಬಿರಡೆಗಳನ್ನು ಹರವಿದರು. "ಒಂದೊಂದೇ ತಗಂಡೋಗಿ ವಾರ ಕೇಳಿ ನೋಡಮ್ಮ ಬೇಟಿ. ಕಿವಿ ನಿಂದು, ನಾನು ಹೇಳಿದ್ರೆ ಆಗಲ್ಲ. ಆದ್ರೆ ಹಾಡು ಹಾಕ್ಕಂಡು ನೋಡಬ್ಯಾಡ. ಎರಡು ಸ್ಟೇಷನ್ ಮಧ್ಯ ಖಾಲಿ ಜಾಗ ಇರ್ತೈತಲ್ಲ, ಅಲ್ಲಿ ಮುಳ್ಳು ನಿಲ್ಸಿ ಕೇಳು. ಖಾಲಿ ಯಾವುದ್ರಾಗೆ ಚೆನ್ನಾಗಿ ಕೇಳ್ತೈತೋ ಅದು ಒಳ್ಳೇ ಮಾಲು."

ಮೊದಲು ತಂದದ್ದಕ್ಕೆ ನಾನಿಟ್ಟ ಹೆಸರು ಸೊಳ್ಳೆ. ಎಂಥ ಗಂಭೀರ ಗಂಡಸು ಸಮಾಚಾರ ಓದಿದರೂ ಅದರೊಳಗೆ ಸೊಳ್ಳೆಯಾಗಿಬಿಡುತ್ತಿದ್ದ. ಎರಡನೆಯದು ಗಡಿಗೆ, ಅದರಲ್ಲಿ ಎಲ್ಲರೂ ಗಡಿಗೆಯೊಳಗೆ ಕೂತು ಮಾತಾಡುತ್ತಿದ್ದರು, ಅದರಲ್ಲೇನಾದರೂ ಅಕ್ಕ ಹಾಡಿದ್ದರೆ ನಮ್ಮ ಅಪ್ಪ ಹಾಡಿದ ಹಾಗೆ ಇರುತ್ತಿತ್ತು. ಇನ್ನೊಂದು ಮಹಾ ಮುನಿಸಿನ ಹೆಂಗಸು. ಚೆನ್ನಾಗಿ ಹಾಡುತ್ತಾ ಹಾಡುತ್ತಾ, ನಾನು ಕೊಂಚ ಕತ್ತು ತಿರುಗಿಸಿದರೆ ಸಾಕು, ಮಾತು ಬಿಡುತ್ತಿತ್ತು. ಪಿನ್ನಿನ ಬುಡ ಹಿಡಿದು ಬೇಡಿಕೊಂಡರೆ ಮತ್ತೆ ಶುರು. ಅದರ ದನಿ ಎಷ್ಟು ಇಂಪಾಗಿತ್ತೆಂದರೆ ಅದನ್ನೇ ಆರಿಸಿಬಿಡುತ್ತಿದ್ದೆ, ಆದರೆ ಅಕ್ಕ ಹೇಳಿದ ಮಾತು ನೆನಪಿತ್ತು. ವಾಪಸು ಕೊಡುವಾಗ ಸಾಬರು "ಚೆಂದ ಇದ್ದೋರು ಹಂಗೇ ಅಮ್ಮಾ" ಎಂದರು.

ಇದನ್ನೆಲ್ಲ ಹಾಸ್ಟೆಲಿನಲ್ಲಿ ಕೂತು ಮಾಡಿದ್ದರೆ ಚೆನ್ನಾಗಿತ್ತು. ನಾನು ಜಾಣೆ, ಬಸ್ಸಿನಲ್ಲೂ ಪರೀಕ್ಷೆ ನಡೆಸಿದೆ. ಮಡಿಲಲ್ಲಿ ಚೀಲ, ಚೀಲದಲ್ಲಿ ಟ್ರಾನ್ಸಿಸ್ಟರು, ಅಲ್ಲಿಂದ ನನ್ನ ಕಿವಿಗೆ ಒಂದು ಬಿಳೀ ತಂತಿ. ಪಕ್ಕದಲ್ಲಿ ಕೂತ ಹೆಂಗಸು ಸ್ವಲ್ಪ ಹೊತ್ತು ನೋಡಿದಳು, ನೋಡಿದಳು, ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಇಡೀ ಬಸ್ಸಿಗೆ ಕೇಳುವ ಹಾಗೆ, "ಹುಟ್ಟಿದಾಗ್ನಿಂದ್ಲೇ ಹಿಂಗೇನವ್ವ?" ಎಂದಳು. ನಾನು ಗಾಬರಿಯಿಂದ ಇಲ್ಲ ಎಂದು ತಲೆಯಾಡಿಸಿದೆ. "ಪಾಪ, ನಡುವೆ ಬಂದೈತೆ. ಮಿಷನ್ ಹಾಕ್ಕಂಡ್ರೆ ಎಷ್ಟು ಕೇಳ್ತೈತೆ?" ಎಂದು ಇನ್ನೂ ಜೋರಾಗಿ ಕೇಳಿದಳು. ಕಂಡಕ್ಟರು ನನಗೆ ಟಿಕೀಟು ಕೊಡುವಾಗ ಕೈಸನ್ನೆ ಮಾಡಿದ. ಬಿಡಿಸಿ ಹೇಳಲು ನಾಚಿಕೆಯಾಗಿ ಸುಮ್ಮನೆ ಕೂತೆ.

ಆ ಹೆಂಗಸು ಮಾಡದಕೆರೆಯವಳು. ನನ್ನ ಗ್ರಹಚಾರಕ್ಕೆ, ಅಪ್ಪ ನನಗೆ ನೋಡುತ್ತಿದ್ದ ಒಂದು ಸಂಬಂಧವೂ ಮಾಡದಕೆರೆಯದೇ. ಹದಿನೈದು ದಿನಕ್ಕೆ ಅಮ್ಮನ ಪತ್ರ ಬಂತು. ಅಮ್ಮನಿಗೆ ಬರೆಯಲು ಬಾರದು, ಯಾರ ಕೈಯಲ್ಲೋ ಬರೆಸಿದ್ದಳು. ಹುಡುಗಿಗೆ ಕಿವಿ ಕೇಳಲ್ವಂತೆ, ಮುಚ್ಚಿಟ್ಟು ಮದುವೆ ಮಾಡಕ್ಕೆ ಹೊಂಟಿದ್ರಿ ಎಂದು ಆ ಕಡೆಯವರು ಹೇಳಿಕಳಿಸಿದ್ದಾರೆ, ಮೊದಲು ಬಂದು ಊರವರೆದುರು ನಿನ್ನ ಕಿವಿ ತೋರಿಸಿ ಹೋಗು ಎಂದು ಅದರ ಸಾರಾಂಶ. ನಾನು ನಕ್ಕು ನಕ್ಕು ಸಾಕಾದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಸಂತೋಷವೂ ಆಗಿತ್ತು, ಆ ಹುಡುಗನ ಫೋಟೋ ನೋಡಿದ್ದೆ. ಎಲ್ಲಾದರೂ ಚೆನ್ನಾಗಿರಲಿ.

ಆ ನಡುವೆ ನಮ್ಮನ್ನು ಪಾಠ ಹೇಳುವ ಅಭ್ಯಾಸಕ್ಕೆಂದು ಮೂರು ವಾರ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಗೆ ಹಾಕಿದರು. ರೇಡಿಯೋ ಜೊತೆಯಲ್ಲೇ ಬಂತು. ಮಧ್ಯಾಹ್ನ ಮಕ್ಕಳು ಊಟಕ್ಕೆ ಓಡಿದ ಮೇಲೆ ಶಾಲೆಯ ಹಿಂದಿನ ಹುಣಸೆ ಮರದಡಿ ಕೂತು, ಸಾಬರು ಹೇಳಿದ ಹಾಗೆ ಮುಳ್ಳನ್ನು ಖಾಲಿ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದೆ. ಮೊದಮೊದಲು ಬರೀ ಸುಯ್ ಎನ್ನುತ್ತಿತ್ತು. ಕೇಳುತ್ತಾ ಹೋದಂತೆ ಅದರೊಳಗೆ ಏನೇನೋ ಇದೆಯೆನಿಸುತ್ತಿತ್ತು. ಅಮ್ಮ ಮೊರದಲ್ಲಿ ರಾಗಿ ಕೇರುವ ಸದ್ದು, ಒಮ್ಮೆ ಮಾರಿಕಣಿವೆಯ ಕಟ್ಟೆಯ ಮೇಲೆ ನಿಂತಾಗ ಕೇಳಿದ ನೀರಿನ ಸದ್ದು, ಕಿವಿಯಲ್ಲಿ ಅರಳೆಯಿಟ್ಟುಕೊಂಡು ಮಲಗಿದ ಸಂಜೆ. ಎದುರಿಗೆ ಎಳ್ಳಿನ ಹೊಲದಲ್ಲಿ ಬಿಸಿಲು ಅಲ್ಲಾಡುತ್ತಿತ್ತು, ದೂರದಲ್ಲಿ ಕುರಿಮಂದೆ ಸದ್ದಿಲ್ಲದೆ ಸರಿಯುತ್ತಿತ್ತು. ಆ ಇನ್ನೊಂದು ಕಿವಿಗೆ ಮರದ ಗಾಳಿ. ಎರಡರ ನಡುವೆ ನಾನು ಎಲ್ಲಿದ್ದೇನೆಂಬುದೇ ಮರೆತು ಹೋಗುತ್ತಿತ್ತು. ಗಂಟೆ ಹೊಡೆದದ್ದು ಗೊತ್ತಾಗದೆ ಎರಡು ದಿನ ತರಗತಿಗೆ ತಡವಾಗಿ ಹೋಗಿ ಮೇಷ್ಟರ ಕೈಲಿ ಬೈಸಿಕೊಂಡೆ. ಏನು ಕೇಳ್ತಾ ಕೂತಿದ್ದೆ ಎಂದರು. ಏನೂ ಇಲ್ಲ ಸಾರ್ ಎಂದೆ. ಅದೇ ನಿಜವಾಗಿತ್ತು.

ಕೊನೆಗೆ ಗೆದ್ದದ್ದು ಸಾಬರ ಡ್ರಾಯರಿನ ತಳದಲ್ಲಿದ್ದ ಒಂದು ಹಳೇ ಬಿರಡೆ. ಬಣ್ಣ ಹಳದಿಗೆ ತಿರುಗಿತ್ತು, ತಂತಿಗೆ ನಡುವೆ ಒಂದು ಕಡೆ ಕರೀ ಪಟ್ಟಿ ಸುತ್ತಿತ್ತು. ಹಾಕಿಕೊಂಡರೆ ಮುಳ್ಳು ಚುಚ್ಚಿದ ಹಾಗೂ ಇಲ್ಲ, ಜಾರುವುದೂ ಇಲ್ಲ. ಯಾವಳೋ ಹಾಡುವವಳು ರೇಡಿಯೋದಲ್ಲಿದ್ದಳು. ಅವಳು ಪಲ್ಲವಿ ಎತ್ತುವ ಮುಂಚೆ ಸಣ್ಣಗೆ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಮೈ ಜುಮ್ಮೆಂದಿತು. ಇದೇ ಎಂದು ಅಲ್ಲೇ ಹೇಳಿದೆ. ಸಾಬರು ಐದು ರೂಪಾಯಿ ತೆಗೆದುಕೊಳ್ಳಲಿಲ್ಲ. "ಯಜಮಾನ್ರು ಇಲ್ಲಿ ಕುಂತು ಸೊಸೆ ಹಾಡ್ತಾಳೆ ಅಂತ ಹೇಳಿದ್ರು ಅಮ್ಮಾ, ನಾನು ಹೂಂ ಹೂಂ ಅಂದು ಕಾವು ಹಾಕ್ತಾ ಕುಂತಿದ್ದೆ. ಸರಿಯಾಗಿ ಕೇಳ್ಕಳ್ಳಿಲ್ಲ" ಎಂದರು.

ಆ ದಿನ ಬಂತು. ನಾನು ಹೊಟ್ಟೆನೋವೆಂದು ರಜ ಹಾಕಿ ಬೆಳಗಿನ ಬಸ್ಸಿಗೇ ಹೊಳಲ್ಕೆರೆಗೆ ಬಂದಿದ್ದೆ. ಭಾವ ಕೆಲಸಕ್ಕೆ ಹೋಗಿದ್ದರು. ಗೌರತ್ತೆ ಉಂಡು ನಡುಮನೆಯಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ನಾನೂ ಅಕ್ಕನೂ ಕಳ್ಳಿಯರ ಹಾಗೆ ಬೀಸುವ ಕಲ್ಲಿನ ಕೋಣೆಗೆ ಸೇರಿ ಬಾಗಿಲು ಮುಂದೆ ಮಾಡಿಕೊಂಡೆವು. ರೇಡಿಯೋ ಮೊರದೊಳಗೆ. ತಂತಿಯನ್ನು ಅಕ್ಕನ ಜಡೆಯ ಹಿಂದಿನಿಂದ ತಂದು ಎಡಗಿವಿಗೆ ಇಟ್ಟೆ. ಪಿನ್ನನ್ನು ನಾನೇ ಹಿಡಿದುಕೊಂಡು ಕೂತೆ.

ಒಂದೂಕಾಲಾಯಿತು. ಅಕ್ಕ ತಟ್ಟನೆ ನನ್ನ ಮಣಿಕಟ್ಟು ಹಿಡಿದಳು. "ನನ್ನ ಹೆಸರು ಹೇಳಿದ್ರು" ಎಂದು ತುಟಿ ಅಲ್ಲಾಡಿಸಿದಳು. ಆಮೇಲೆ ಏನೂ ಇಲ್ಲ. ನನಗೆ ಕೇಳಿಸುತ್ತಿದ್ದದ್ದು ಹಿತ್ತಲಿನ ಕೋಳಿಗಳ ಸದ್ದು ಮಾತ್ರ. ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಮೊದಲು ಗಾಬರಿ, ಆಮೇಲೆ ಇವಳಾರು ಎನ್ನುವ ಹಾಗೆ ಹುಬ್ಬು ಕೂಡಿತು, ಆಮೇಲೆ ಮೆಲ್ಲಗೆ ಇಡೀ ಮುಖ ಸಡಿಲವಾಯಿತು. ವಾಡೆಯೊಳಗೆ ಇಳಿಬಿಟ್ಟ ಅವಳ ಮುಖ ಹೇಗಿರುತ್ತಿತ್ತೆಂದು ನಾನು ಅವತ್ತು ಕಂಡೆ. ಮೊದಲನೇ ಹಾಡು ಮುಗಿದು ಎರಡನೆಯದು ಶುರುವಾಗಿತ್ತೆಂದು ಕಾಣುತ್ತದೆ, ಆಗ ಬಾಗಿಲು ಕಿರ್ರೆಂದಿತು.

ಗೌರತ್ತೆ ನಿಂತಿದ್ದರು.

ಅಕ್ಕ ಕಿವಿಯಿಂದ ಬಿರಡೆ ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಶುರುವಾಗೈತೇನೇ?" ಎಂದರು ಅತ್ತೆ.

ನಾನು ಮೊರಕ್ಕೆ ಕೈ ಅಡ್ಡ ಹಿಡಿದೆ.

"ಕಾರ್ಡು ಓದುವಾಗ ನನ್ನ ಕಿವಿ ಏನು ಮಣ್ಣಾಗಿತ್ತಾ? ಇವತ್ತು ಅಂತ ನಂಗೂ ಗೊತ್ತೈತೆ." ಬೀಸುವ ಕಲ್ಲಿನ ಪಕ್ಕ ಮೊಣಕಾಲು ಹಿಡಿದುಕೊಂಡು ಕೂತರು. ತಲೆಯ ಮೇಲಿನ ಸೆರಗು ಸರಿಸಿದರು. "ಇಲ್ಲಿ ಕೊಡು. ಅವ್ರಿಗಂತೂ ಕೇಳ್ಲಿಲ್ಲ. ನಾನಾದ್ರೂ ಕೇಳ್ತೀನಿ."

ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಅವಳ ಹಾಡು ಅವಳ ಮುಷ್ಟಿಯಲ್ಲಿ ಹರಿದು ಹೋಗುತ್ತಿತ್ತು, ಮತ್ತೆ ಸಿಕ್ಕುವುದಲ್ಲ. ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವಳು ಮಂಡಿಯೂರಿ ಮುಂದೆ ಸರಿದು ಬಿರಡೆಯನ್ನು ಅತ್ತೆಯ ಕಿವಿಗೆ ಇಟ್ಟಳು.

ಅದು ನಿಲ್ಲಲಿಲ್ಲ. ಇಟ್ಟರೆ ಜಾರಿತು, ಇಟ್ಟರೆ ಜಾರಿತು. ಒಂಬತ್ತು ವಾರ ಊರೂರು ಸುತ್ತಿ ಪರೀಕ್ಷೆ ಮಾಡಿದವಳು ನಾನು. ನನ್ನ ಕಿವಿಗೆ ನೋಡಿದೆ, ಅಕ್ಕನ ಕಿವಿಗೆ ನೋಡಿದೆ, ಈ ಕಿವಿಯ ಯೋಚನೆಯೇ ನನಗೆ ಬರಲಿಲ್ಲ. ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳಲಿ ಎಂದುಕೊಂಡೆ. ಓಲೆ ತೆಗೆದ ಮೇಲೆ ಆ ಹಾಲೆ ಜೋತುಬಿದ್ದು ತೂತು ಬರಿದಾಗಿತ್ತು. ಕೊನೆಗೆ ಅಕ್ಕ ತನ್ನ ಬೆರಳಿನಿಂದಲೇ ಬಿರಡೆಯನ್ನು ಒತ್ತಿ ಹಿಡಿದು ಹಾಗೇ ಕೂತಳು.

ಈಗ ನಾವಿಬ್ಬರೂ ಅತ್ತೆಯ ಮುಖ ನೋಡತೊಡಗಿದೆವು. ಬಹಳ ಹೊತ್ತು ಅದರಲ್ಲಿ ಏನೂ ಕಾಣಲಿಲ್ಲ. ಒಂದು ಸಲ "ಹೂಂ" ಎಂದರು. ಆಮೇಲೆ ಅವರ ಬಲಗೈ ತಾನಾಗಿ ಪಕ್ಕದ ಬೀಸುವ ಕಲ್ಲಿನ ಗೂಟದ ಮೇಲೆ ಹೋಯಿತು. ಮೂರನೆಯ ಹಾಡು ಬೀಸುವ ಪದ ಎಂದು ನನಗೆ ಗೊತ್ತಿತ್ತು. ಅಕ್ಕ ಅದನ್ನು ಕಲಿತದ್ದು ಇವರಿಂದಲೇ, ಇದೇ ಕೋಣೆಯಲ್ಲಿ, ಈ ಕಲ್ಲಿನ ಆ ಬದಿಗೆ ಕೂತು. ಅತ್ತೆಯ ತಲೆ ಸಣ್ಣಗೆ ತೂಗುತ್ತಿತ್ತು. ಇದ್ದಕ್ಕಿದ್ದಂತೆ ಕಣ್ಣು ಬಿಟ್ಟು, ಕಿವಿಯಲ್ಲಿ ಬಿರಡೆ ಇದ್ದವರು ಮಾತಾಡುವ ಹಾಗೆ ಕೂಗಿಯೇ ಬಿಟ್ಟರು:

"ಮುಗೀತಾ? ಕಡೇ ಸೊಲ್ಲು ಎಲ್ಲೇ ಸರೋಜಿ? ಕಡೇ ಸೊಲ್ಲು ಬಿಟ್ಟಿದೀಯ."

ಅದನ್ನು ಹೇಳಬೇಕು. ಬೀಸಿ ಮುಗಿಸಿ ಕಲ್ಲಿಗೆ ಕೈಮುಗಿಯುವ ಮುಂಚೆ ಮನೆಯ ಯಜಮಾನನ ಹೆಸರಿಟ್ಟು ಹರಸುವ ಒಂದು ಸೊಲ್ಲು ಹೇಳುವುದು ಆ ಮನೆಯ ಪದ್ಧತಿ. ಗಂಡನ ಹೆಸರು ಎಂದೂ ಬಾಯಲ್ಲಿ ಹೇಳದ ಹೆಂಗಸರು ಆ ಒಂದು ಸೊಲ್ಲಿನಲ್ಲಿ ಮಾತ್ರ ಹೇಳುತ್ತಿದ್ದರು. ಅಕ್ಕ ಅದನ್ನು ರೇಡಿಯೋದಲ್ಲಿ ಹಾಡಿರಲಿಲ್ಲ. ಮಾವ ಹೊರಗೆ ಕೂತಿರುವಾಗ ಅವರ ಹೆಸರು ಹಿಡಿದು ಊರಿಗೆಲ್ಲ ಸಾರುವುದು ಹೇಗೆಂದು ಬಿಟ್ಟಿದ್ದಳು. ಆದರೆ ಅದನ್ನು ಅತ್ತೆಗೆ ವಿವರಿಸಲು ಪುರುಸೊತ್ತೆಲ್ಲಿ. ಅವರು ಆಗಲೇ ಗೂಟ ಹಿಡಿದು ಎತ್ತಿದ ದನಿಯಲ್ಲಿ ಹೇಳತೊಡಗಿದ್ದರು:

ಬೀಸಿ ಮುಗಿದವು ರಾಗಿ ರಾಶಿಯಾಯಿತು ಹಿಟ್ಟು
ಆಸೇಲಿ ಉಣ್ಣೋ ದೊರೆ ನಮ್ಮ ರಂಗಪ್ಪ
ಲೇಸಾಗಿ ಬಾಳ್ಲಿ ನೂರ್ಕಾಲ

ನಾಲ್ಕು ತಿಂಗಳು ಮುಚ್ಚಿದ್ದ ಗಂಟಲು. ಒಡೆದಿತ್ತು, ಆದರೂ ಗಟ್ಟಿಯಾಗಿತ್ತು. ಕಿವಿಯಲ್ಲಿ ಬಿರಡೆ ಇದ್ದುದರಿಂದ ತಾವು ಎಷ್ಟು ಜೋರಾಗಿ ಹಾಡುತ್ತಿದ್ದೇವೆಂದು ಅವರಿಗೆ ತಿಳಿಯಲೇ ಇಲ್ಲ. ರೇಡಿಯೋದ ಸದ್ದು ಬೀದಿಗೆ ಹೋಗದಿರಲೆಂದು ನಾವು ಬಾಗಿಲು ಹಾಕಿ ಕೂತಿದ್ದೆವು, ಇಲ್ಲಿ ಅತ್ತೆಯ ದನಿ ಹೆಂಚು ಹಾರಿಸಿಕೊಂಡು ಹೋ‌ಗುತ್ತಿತ್ತು. ಎದುರುಮನೆಯಲ್ಲಿ ಯಾರೋ ಕಿಟಕಿ ತೆರೆದ ಸದ್ದಾಯಿತು. ರಂಗಪ್ಪ ಎಂಬ ಹೆಸರಿಗೆ ಬಂದಾಗ ಅತ್ತೆ ನಿಂತರು, ಮತ್ತೆ ಅದೇ ಸಾಲು ಹೇಳಿದರು, ಮತ್ತೆ ನಿಂತರು, ಮತ್ತೆ ಹೇಳಿದರು. ಬಾಳಲಿ ಎಂಬಲ್ಲಿ ದನಿ ಮುರಿದು ಅಳು ಬಂತು. ಆ ಮನೆಯಲ್ಲಿ ನಾನು ಕೇಳಿದ ಅವರ ಮೊದಲ ಅಳು ಅದು. ಅಕ್ಕ ಬೆರಳು ತೆಗೆಯದೆ ಇನ್ನೊಂದು ಕೈಯಿಂದ ಅವರನ್ನು ತಬ್ಬಿಕೊಂಡಳು. ನಾನೂ ಅತ್ತುಬಿಟ್ಟೆ, ಯಾಕೆ ಮುಚ್ಚಿಡಲಿ.

"ಚೆನ್ನಾಗಿ ಹೇಳಿದೀಯ ಕಣವ್ವ" ಎಂದರು ಅತ್ತೆ ಸ್ವಲ್ಪ ಹೊತ್ತಿಗೆ. "ಆದ್ರೆ ಅವ್ರ ಹೆಸರಿಡದೆ ಪದ ಮುಗಿಸ್ತಾರೇನೇ?"

"ತಪ್ಪಾತು ಅತ್ತೆ."

ಅತ್ತೆ ಮೂಗು ಒರೆಸಿಕೊಂಡು ಎದ್ದರು. ಏಳುವಾಗ ಮೊರದಲ್ಲಿದ್ದ ರೇಡಿಯೋವನ್ನು ಎತ್ತಿಕೊಂಡು ನಡುಮನೆಗೆ ನಡೆದರು. ತಂತಿಯ ಒಂದು ತುದಿ ಅಕ್ಕನ ಕೈಯಲ್ಲೇ ಇತ್ತು. ಪಿನ್ನು ಪುಳಕ್ಕನೆ ಕಿತ್ತು ಬಂತು, ಮನೆ ತುಂಬ ಗಂಡಸೊಬ್ಬನ ದನಿ ಮೊಳಗಿತು. ಪೇಟೆ ಧಾರಣೆ. ಅಡಿಕೆ, ಕಡಲೆಕಾಯಿ, ಬ್ಯಾಡಗಿ ಮೆಣಸಿನಕಾಯಿ. ಅಕ್ಕ ಗಾಬರಿಯಿಂದ ಆರಿಸಲು ಓಡಿದಳು.

"ಇರ್ಲಿ ಬಿಡು" ಎಂದರು ಅತ್ತೆ. "ಇದು ಮುಗಿಯೋ ಗಂಟ ಅವ್ರು ದಿನಾ ಏಳ್ತಾನೇ ಇರ್ಲಿಲ್ಲ."

ರೇಡಿಯೋವನ್ನು ಗೂಡಿನಲ್ಲಿಟ್ಟು, ಟವಲು ಮಡಚಿ ಪಕ್ಕಕ್ಕಿಟ್ಟು, ತಮ್ಮ ಜಾಗದಲ್ಲಿ ಕೂತರು. ನಾವಿಬ್ಬರೂ ಬಾಗಿಲಲ್ಲೇ ಕೂತೆವು. ಬೀದಿಯಲ್ಲಿ ಎರಡು ಮೂರು ಜನ ಹೆಂಗಸರು ನಿಂತು ಇಣುಕುತ್ತಿದ್ದರು, ಒಳಗೆ ಬರಲಿಲ್ಲ. ಧಾರಣೆಯವನು ಕೊಬ್ಬರಿಗೆ ಬಂದ. ಅತ್ತೆ ಕತ್ತು ಹೊರಳಿಸಿ, ಕಂಬದ ಬುಡದಲ್ಲಿ ಮಾವ ದಿನಾ ಕೂರುತ್ತಿದ್ದ ಖಾಲಿ ಜಾಗದ ಕಡೆ ನೋಡಿ, ಎಂದಿನ ದನಿಯಲ್ಲಿ ಹೇಳಿದರು:

"ಕೊಬ್ರಿ ಇಳೀತಂತೆ, ಕೇಳಿದ್ರಾ?"